ಪಾರ್ಸೆಲ್‌ನಲ್ಲಿ ಬಾರದ ಊರಿನ ರುಚಿ

ಹೊರಗೆ ಜಿಟಿಜಿಟಿ ಮಳೆ. ಬರ್ಮಿಂಗ್‌ಹ್ಯಾಮ್‌ನ ವಿದ್ಯಾರ್ಥಿ ನಿಲಯದ ಪುಟ್ಟ ಕೋಣೆಯಲ್ಲಿ ಹಾಸನದ ಹುಡುಗನೊಬ್ಬ ಬಾಗಿಲಿನತ್ತ ಕಿವಿಗೊಟ್ಟು ಕೂತಿದ್ದಾನೆ. ಊರು ಬಿಟ್ಟು ಮೂರು ವಾರವಾಯಿತು. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿಂದು ನಾಲಿಗೆ ಜಡ್ಡುಗಟ್ಟಿದೆ. ಕೊನೆಗೆ ಗಟ್ಟಿ ಮನಸ್ಸು ಮಾಡಿ ಅಲ್ಲಿನ ‘ಇಂಡಿಯನ್ ರೆಸ್ಟೋರೆಂಟ್’ ಒಂದರಿಂದ ಊಟ ತರಿಸುತ್ತಿದ್ದಾನೆ. ತಡ್ಕಾ ದಾಲ್, ಪಲಾವ್, ಒಂದು ನಾನ್, ಜೊತೆಗೆ ‘ವೆಜಿಟೆಬಲ್ ಮದ್ರಾಸ್’. ಮದ್ರಾಸ್ ಎಂದರೆ ನಮ್ಮ ಪಕ್ಕದ್ದೇ ತಾನೇ? ಹುಳಿಯಂಥದ್ದು ಏನಾದರೂ ಇದ್ದೀತು! ಒಟ್ಟು 17 ಪೌಂಡ್. ರೂಪಾಯಿ ಲೆಕ್ಕದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು.

ಡಬ್ಬಿ ತೆರೆದರೆ ಅನ್ನದಲ್ಲಿ ಕೆಂಪು, ಹಳದಿ ಬಣ್ಣದ ಅಗುಳುಗಳು. ದಾಲ್ ಚಮಚಕ್ಕೆ ಅಂಟುವಷ್ಟು ಗಟ್ಟಿ. ನಾನ್ ತೊಗಲಿನಂತೆ ಎಳೆಯುತ್ತದೆ. ‘ಮದ್ರಾಸ್’ ಎಂಬ ಕೆಂಪು ಗೊಜ್ಜಿನಲ್ಲಿ ಕರಿಬೇವಿಲ್ಲ, ಹುಣಸೆಯಿಲ್ಲ, ಸಾಸಿವೆಯ ಸುಳಿವೂ ಇಲ್ಲ. ಹುಡುಗ ಮನೆಗೆ ಫೋನ್ ಮಾಡಿದ. “ಅಮ್ಮ, ಇಂಡಿಯನ್ ಊಟ ಅಂತ ತರಿಸಿದೆ. ಇದು ಯಾವ ಊರಿನ ಊಟವೋ ಗೊತ್ತಾಗ್ತಿಲ್ಲ.”

ಓದಲೆಂದು ಬ್ರಿಟನ್ನಿಗೆ ಹೋದ ನಮ್ಮ ಮಕ್ಕಳಲ್ಲಿ ಅನೇಕರು ಇಂಥದೊಂದು ರಾತ್ರಿಯನ್ನು ಕಂಡವರೇ. ಹೋಟೆಲಿನವನು ಮೋಸ ಮಾಡಿದ ಎಂದು ಸಿಟ್ಟಾಗುವುದು ಸುಲಭ. ಆದರೆ ಆ ಡಬ್ಬಿಯೊಳಗೆ ಇನ್ನೂರು ವರ್ಷಗಳ ಚರಿತ್ರೆಯಿದೆ, ಒಂದಿಷ್ಟು ವಿಜ್ಞಾನವೂ ಇದೆ.

ಹಡಗಿನಿಂದ ಇಳಿದ ಅಡುಗೆ

ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದ. ಎರಡೇ ವರ್ಷಗಳಲ್ಲಿ ಅವನು ದಿವಾಳಿಯಾದ. ಮುಂದೆ 1926ರಲ್ಲಿ ಶುರುವಾದ ‘ವೀರಸ್ವಾಮಿ’ ಸಿರಿವಂತರ ಹೋಟೆಲಾಗಿ ಹೆಸರು ಮಾಡಿತು. ಸಾಮಾನ್ಯರ ಬೀದಿಗೆ ಈ ಊಟವನ್ನು ತಂದವರು ಬೇರೆಯೇ ಜನ. ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರದೇಶದಿಂದ ಬ್ರಿಟಿಷ್ ಹಡಗುಗಳಲ್ಲಿ ದುಡಿಯಲು ಹೋದವರಲ್ಲಿ ಕೆಲವರು ಲಂಡನ್ ಬಂದರಿನಲ್ಲಿ ಇಳಿದು ಅಲ್ಲೇ ಉಳಿದರು, ಅಡುಗೆಮನೆಗಳಲ್ಲಿ ಪಾತ್ರೆ ತೊಳೆದರು. ಎರಡನೆಯ ಮಹಾಯುದ್ಧದ ನಂತರ ಚಿಕ್ಕಪುಟ್ಟ ತಿಂಡಿ ಅಂಗಡಿಗಳನ್ನು ಕೊಂಡು, ಮೀನು-ಆಲೂಗಡ್ಡೆಯ ಜೊತೆಗೇ ‘ಕರಿ’ಯನ್ನೂ ಮಾರತೊಡಗಿದರು. ಇಂದಿಗೂ ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳಲ್ಲಿ ಬಹುಪಾಲು ಬಾಂಗ್ಲಾದೇಶ ಮೂಲದವರದೇ. ಮೊದಲ ತಲೆಮಾರಿನವರು ಊರು ಬಿಟ್ಟಾಗ ಸಿಲ್ಹೆಟ್ ಬ್ರಿಟಿಷ್ ಇಂಡಿಯಾದಲ್ಲೇ ಇತ್ತು. ಬೋರ್ಡಿನ ಮೇಲೆ ‘ಇಂಡಿಯನ್’ ಉಳಿದುಕೊಂಡಿತು.

ಗಿರಾಕಿಗಳು ಆಂಗ್ಲರು. ರಾತ್ರಿ ಪಬ್ ಮುಚ್ಚಿದ ಮೇಲೆ ಹಸಿದು ಬರುವವರು. ಅವರಿಗೆ ಅಡುಗೆ ಬೇಗ ಸಿಗಬೇಕು, ಖಾರ ಎಷ್ಟೆಂದು ಮೊದಲೇ ತಿಳಿಯಬೇಕು. ಇದಕ್ಕೆ ಕಂಡುಕೊಂಡ ಉಪಾಯವೇ ‘ಬೇಸ್ ಗ್ರೇವಿ’. ರಾಶಿ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿ, ಟೊಮ್ಯಾಟೊ ಜೊತೆ ಬೇಯಿಸಿ, ನುಣ್ಣಗೆ ರುಬ್ಬಿ ದೊಡ್ಡ ಹಂಡೆಯಲ್ಲಿ ಇಟ್ಟಿರುತ್ತಾರೆ. ಆರ್ಡರ್ ಬಂದೊಡನೆ ಅದನ್ನೇ ಬಾಣಲೆಗೆ ಸುರಿದು ಕೆನೆ, ತೆಂಗು, ಸಕ್ಕರೆ ಹಾಕಿದರೆ ‘ಕೊರ್ಮಾ’. ಮೆಣಸಿನ ಪುಡಿ ಹೆಚ್ಚಿಸಿದರೆ ‘ಮದ್ರಾಸ್’. ಇನ್ನೂ ಹೆಚ್ಚಿಸಿದರೆ ‘ವಿಂದಾಲೂ’! ಗೋವೆಯ ವಿಂದಾಲೂ ಹುಟ್ಟಿದ್ದು ಪೋರ್ಚುಗೀಸರ ಬೆಳ್ಳುಳ್ಳಿ-ಹುಳಿಯ ಮಾಂಸದಡುಗೆಯಿಂದ. ಇಲ್ಲಿ ಮಾತ್ರ ಊರಿನ ಹೆಸರು, ಅಡುಗೆಯ ಹೆಸರು ಎಲ್ಲವೂ ಖಾರದ ಮೆಟ್ಟಿಲುಗಳಾದವು. ಹಾಸನದ ಹುಡುಗ ಮದ್ರಾಸ್ ಎಂಬ ಊರನ್ನು ಹುಡುಕಿದ. ಅವನಿಗೆ ಸಿಕ್ಕಿದ್ದು ಖಾರದ ಅಳತೆ.

ಅಲ್ಲಿಯವರಿಗೆ ಈ ಅಡುಗೆ ಪರಕೀಯವೂ ಅಲ್ಲ. 2001ರಲ್ಲಿ ಆಗಿನ ವಿದೇಶಾಂಗ ಸಚಿವ ರಾಬಿನ್ ಕುಕ್, ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದು ಕರೆದರು.

ದಾರಿಯಲ್ಲಿ ಸೋರಿಹೋಗುವ ರುಚಿ

ಪಾರ್ಸೆಲ್ ಎಂದ ಮೇಲೆ ಇನ್ನಷ್ಟು ನಷ್ಟ ಇದ್ದದ್ದೇ. ಬಿಸಿ ನಾನ್ ಮುಚ್ಚಿದ ಪೊಟ್ಟಣದೊಳಗೆ ತನ್ನದೇ ಹಬೆಯಲ್ಲಿ ಮೆತ್ತಗಾಗುತ್ತದೆ. ಆರುತ್ತ ಹೋದಂತೆ ಅದರ ಪಿಷ್ಟ ಬಿಗಿಯುತ್ತದೆ, ತೊಗಲಿನಂತಾಗುವುದು ಅದಕ್ಕೇ. ಬೇಳೆ ಗಟ್ಟಿಯಾಗುವುದಕ್ಕೂ ಪಿಷ್ಟವೇ ಕಾರಣ. ಅಡುಗೆ ತಣಿದಂತೆ ಪರಿಮಳದ ಕಣಗಳು ಗಾಳಿಗೆ ಏಳುವುದೂ ಕಡಿಮೆಯಾಗುತ್ತದೆ. ರುಚಿಯೆಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಮೂಗಿನದು.

ದುಡ್ಡು ಕೊಟ್ಟದ್ದೆಂದು ಮಿಕ್ಕ ಅನ್ನವನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಟ್ಟು ಬೆಳಿಗ್ಗೆ ಉಣ್ಣುವುದು ಅಪಾಯ. ‘ಬ್ಯಾಸಿಲಸ್ ಸೀರಿಯಸ್’ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದರೆ ಅವು ಮೊಳೆತು ವಾಂತಿ ತರಿಸುವ ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಮನೆಯಲ್ಲಿ ಮಾಡಿದ ಅನ್ನವನ್ನೂ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ನಲ್ಲಿಟ್ಟು, ಮರುದಿನದೊಳಗೆ ಮುಗಿಸುವುದು ಕ್ಷೇಮ.

ಹೋಟೆಲು ಆರಿಸುವಾಗ ಅಲ್ಲಿನ ಸ್ವಚ್ಛತೆಯ ಅಂಕವನ್ನೂ ನೋಡಬಹುದು. ಅಲ್ಲಿ ಹೋಟೆಲುಗಳಿಗೆ 0ಯಿಂದ 5ರವರೆಗೆ ಅಂಕ ಕೊಡುವ ವ್ಯವಸ್ಥೆಯಿದೆ. ನೆನಪಿರಲಿ, ಈ ಅಂಕ ಸ್ವಚ್ಛತೆಗೆ, ರುಚಿಗಲ್ಲ! ಮೊಟ್ಟೆ ತಿನ್ನದವರು ನಾನ್ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಯೇ ತರಿಸಬೇಕು. ಶೇಂಗಾ, ಸಾಸಿವೆಯಂಥವು ಒಗ್ಗದವರು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸೂಟ್‌ಕೇಸಿಗಿಂತ ಮೊದಲು

ಮಕ್ಕಳನ್ನು ಪರದೇಶಕ್ಕೆ ಕಳಿಸುವಾಗ ಅಪ್ಪ-ಅಮ್ಮಂದಿರು ಸಾಲದ ಕಾಗದ, ವೀಸಾ, ಉಣ್ಣೆಯ ಕೋಟು ಎಲ್ಲವನ್ನೂ ನೆನಪಿಟ್ಟು ಹೊಂದಿಸುತ್ತಾರೆ. ಅನ್ನ ಮಾಡಲು ಕಲಿಸುವುದು ಮಾತ್ರ ಮರೆತುಹೋಗುತ್ತದೆ. ಮಗನಾದರಂತೂ ಅಡುಗೆಮನೆಯ ಹೊಸ್ತಿಲನ್ನೇ ದಾಟಿರುವುದಿಲ್ಲ! ಅನ್ನ, ಒಂದು ಸಾರು, ಒಂದು ಪಲ್ಯ, ಉಪ್ಪಿಟ್ಟು ಇಷ್ಟು ಬಂದರೆ ಸಾಕು, ವಾರ ದಾಟುತ್ತದೆ. ಹೊರಡುವ ಒಂದು ತಿಂಗಳ ಮೊದಲಿಂದ ವಾರಕ್ಕೆರಡು ದಿನ ಒಲೆಯನ್ನು ಅವರ ಕೈಗೆ ಬಿಟ್ಟರಾಯಿತು. ತೊಗರಿಬೇಳೆ, ಅಕ್ಕಿ, ಸಾಸಿವೆ ಅಲ್ಲಿನ ದೊಡ್ಡ ಊರುಗಳ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯ ಸಾರಿನ ಪುಡಿ ಹೋಗಲಿ. ತುಪ್ಪದ ಡಬ್ಬಿ ಬೇಡ. ಭಾರತದಿಂದ ಹಾಲಿನ ಉತ್ಪನ್ನಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ.

ಹಾಸನದ ಅಮ್ಮ ಅಂದು ರಾತ್ರಿ ಮಗನಿಗೆ ಹೇಳಿದ್ದು ಇಷ್ಟೇ. “ದುಡ್ಡು ಕೊಟ್ಟಾಗಿದೆ, ಹೊಟ್ಟೆ ತುಂಬ ಉಣ್ಣಪ್ಪ. ನಾಳೆ ಬೇಳೆ ತಂದಿಟ್ಕೊ, ಸಾರು ಹೇಗೆ ಮಾಡೋದು ಅಂತ ನಾನು ಹೇಳ್ತೀನಿ.” ಭಾನುವಾರ ಫೋನನ್ನು ಕಿವಿಗೊತ್ತಿಕೊಂಡು ಹುಡುಗ ಒಗ್ಗರಣೆ ಹಾಕಿದ. ಸಾಸಿವೆ ಸಿಡಿದು ಹೊಗೆ ಎದ್ದದ್ದೇ ತಡ, ಅಲಾರಂ ಕಿರುಚಿ ಇಡೀ ಮಹಡಿಯ ಹುಡುಗರು ಓಡಿಬಂದರು. ಬಂದವರಿಗೂ ಒಂದೊಂದು ಲೋಟ ಸಾರು ಸಿಕ್ಕಿತು. ಉಪ್ಪು ಸ್ವಲ್ಪ ಹೆಚ್ಚಾಗಿತ್ತಂತೆ. ಮಿಕ್ಕಿದ್ದನ್ನು ಅವನು ಫ್ರಿಜ್‌ನಲ್ಲಿಟ್ಟ, ಆ ಹೋಟೆಲಿನ ಡಬ್ಬಿಯನ್ನೇ ತೊಳೆದು!