ಒಂದೇ ಗಾಜಿನ ಕ್ಯಾಮರಾ

ಹಳೆಯ ಟ್ರಂಕಿನ ತಳದಲ್ಲಿ ತಂದೆಯವರ ಕಾಲದ ಕ್ಯಾಮರಾ ಸಿಕ್ಕರೆ, ಆಟದ ಸಾಮಾನೆಂದು ಮಕ್ಕಳ ಕೈಗೆ ಕೊಟ್ಟುಬಿಡಬೇಡಿ. ಅದರ ಸ್ವಭಾವವನ್ನು ಅರಿತುಕೊಂಡರೆ ಇಂದಿಗೂ ಅದರಿಂದ ಸೊಗಸಾದ ಚಿತ್ರ ತೆಗೆಯಬಹುದು.

ಜರ್ಮನಿಯ ಆಗ್ಫಾ ಕಂಪನಿಯು ೧೯೫೦ರ ದಶಕದ ಕೊನೆಗೆ ‘ಕ್ಲಿಕ್’ ಎಂಬ ಅಗ್ಗದ ಕ್ಯಾಮರಾವನ್ನು ಹೊರತಂದಿತು. ಅದೇ ಮನೆತನದ ‘ಕ್ಲಿಕ್ ೩’ ನಮ್ಮ ದೇಶದಲ್ಲಿಯೇ, ಬಡೋದೆಯಲ್ಲಿ ತಯಾರಾಗುತ್ತಿತ್ತು. ೧೨೦ ನಂಬರಿನ ಫಿಲ್ಮಿನ ಮೇಲೆ ೧೨ ಚೌಕ ಚಿತ್ರಗಳು ಬರುತ್ತವೆ. ಆ ಫಿಲ್ಮು ಈಗಲೂ ತಯಾರಾಗುತ್ತಿದೆ.

ಮೊದಲ ಕ್ಲಿಕ್ಕಿನ ಮಸೂರವೆಂದರೆ ಒಂದೇ ಒಂದು ಗಾಜು; ಹಿಂದೆ ಮುಂದೆ ಸರಿಯುವುದಿಲ್ಲ. ಒಂಟಿ ಗಾಜಿಗೊಂದು ದೋಷವುಂಟು. ಕತ್ತಲೆ ಕೋಣೆಯಲ್ಲಿ ಕಿಟಕಿಯ ಎದುರಿಗೆ ಭೂತಗನ್ನಡಿ ಹಿಡಿದು, ಅದರ ಹಿಂದೆ ಬಿಳಿ ಕಾಗದವನ್ನಿಟ್ಟು ನೋಡಿರಿ. ಕಿಟಕಿಯ ಬಿಂಬ ನಡುವೆ ಸ್ಪಷ್ಟವಾಗಿದ್ದರೆ ಅಂಚು ಮಸುಕಾಗಿರುತ್ತದೆ. ಕಾಗದದ ಎರಡು ಬದಿಗಳನ್ನು ಗಾಜಿನ ಕಡೆಗೆ ತುಸು ಬಾಗಿಸಿರಿ, ಬದಿಗಳೂ ತಿಳಿಯಾಗುತ್ತವೆ. ಬಿಂಬವು ಬಟ್ಟಲಿನ ಒಳಮೈಯಂತೆ ಬಾಗಿ ಬೀಳುವುದೇ ಇದಕ್ಕೆ ಕಾರಣ. ಆದುದರಿಂದಲೇ ಇಂಥ ಕ್ಯಾಮರಾಗಳಲ್ಲಿ ಫಿಲ್ಮು ಹಾಯುವ ದಾರಿಯನ್ನೇ ಬಾಗಿಸಿದರು. ದುಬಾರಿ ಗಾಜಿನ ಕೆಲಸವನ್ನು ಬಾಗಿದ ದಾರಿ ಮಾಡಿತು! ಆದರೂ ಫಿಲ್ಮು ಒಂದೇ ದಿಕ್ಕಿಗೆ ಬಾಗಬಲ್ಲದು. ಮೂಲೆಗಳು ಸ್ವಲ್ಪ ಮಸುಕಾಗಿಯೇ ಉಳಿಯುತ್ತವೆ. ಮುಖ್ಯ ವಸ್ತುವನ್ನು ನಡುವೆ ಇಡಿರಿ.

ಇಂಥದೊಂದು ಕ್ಯಾಮರಾ ಹಿಡಿದು ಕೆಲಗೇರಿ ಕೆರೆಗೆ ಹೋಗಿದ್ದೀರೆಂದು ಭಾವಿಸೋಣ. ದೂರದ ನೀರುಹಕ್ಕಿಗೆ ಆಸೆಪಡಬೇಡಿ. ಫಿಲ್ಮಿನಲ್ಲಿ ಅದು ಸಾಸಿವೆಕಾಳಿನಷ್ಟೂ ಆಗದು. ಮನೆಯವರನ್ನು ನಿಲ್ಲಿಸಿಕೊಂಡರೆ ಹತ್ತು ಅಡಿಗಿಂತ ಹತ್ತಿರ ಹೋಗಬೇಡಿ, ಮುಖ ಮಂಜಾಗುತ್ತದೆ. ಹತ್ತು ಅಡಿಯಿಂದ ಆಳಿನ ಇಡೀ ನಿಲುವು ಚೌಕದಲ್ಲಿ ಹಿಡಿಸುತ್ತದೆ.

ಬೆಳಕಿನ ವಿಷಯಕ್ಕೆ ಬಂದರೆ, ಕ್ಯಾಮರಾದ ಮೇಲೆ ಬಿಸಿಲಿಗೊಂದು, ಮೋಡಕ್ಕೊಂದು ಗುರುತು ಇರುತ್ತದೆ. ಕಣ್ಣು ಮುಚ್ಚಿ ತೆರೆಯುವ ವೇಗ ಒಂದೇ, ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಪಾಲು. ಆದ್ದರಿಂದ ೧೦೦ರ ವೇಗದ ಕಪ್ಪು-ಬಿಳುಪು ಫಿಲ್ಮು ಸಾಕು. ೪೦೦ರದು ಬಿಸಿಲಿಗೆ ಅತಿಯಾಗುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ಓರೆ ಬಿಸಿಲು ಒಳ್ಳೆಯದು. ಸೂರ್ಯ ನಿಮ್ಮ ಬೆನ್ನ ಹಿಂದೆ, ತುಸು ಪಕ್ಕಕ್ಕಿರಲಿ. ಬೆಳಿಗ್ಗೆ ಸೂರ್ಯ ಧಾರವಾಡ ಊರಿನ ಕಡೆಗಿರುವುದರಿಂದ ಪಡುವಣಕ್ಕೆ ಮುಖ ಮಾಡಿ ನಿಲ್ಲಿರಿ. ಸಂಜೆಗೆ ಇದರ ತಿರುವುಮುರುವು.

ವೇಗ ಕಡಿಮೆಯಾದ್ದರಿಂದ ಕೈ ನಡುಗಬಾರದು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಗುಂಡಿಯನ್ನು ಮೆಲ್ಲಗೆ ಅದುಮಿರಿ. ಕೂಡಲೇ ಹಿಂದಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಫಿಲ್ಮನ್ನು ಸುತ್ತಿರಿ. ಮರೆತರೆ ಒಂದರ ಮೇಲೊಂದು ಚಿತ್ರ ಬಿದ್ದು ಎರಡೂ ಕೆಡಬಹುದು. ಸುತ್ತುವಾಗ ನೆರಳಿನಲ್ಲಿರಿ, ಉಳಿದ ಹೊತ್ತು ಕಿಂಡಿಗೆ ಕಪ್ಪು ಪಟ್ಟಿ ಅಂಟಿಸಿರಿ.

ಹನ್ನೆರಡೇ ಚಿತ್ರ, ಮತ್ತೆ ನೋಡಿ ಅಳಿಸುವಂತಿಲ್ಲ. ಕೈಯಲ್ಲಿರುವ ಫೋನು ನೂರು ಚಿತ್ರ ತೆಗೆದರೂ, ಫೋನು ಕೆಟ್ಟಾಗ ಅವುಗಳಲ್ಲಿ ಎಷ್ಟು ಉಳಿದಾವು? ನೆಗೆಟಿವ್ ಹಾಗಲ್ಲ, ಒಣಗಿದ ಜಾಗದಲ್ಲಿ ಜೋಪಾನವಾಗಿಟ್ಟರೆ ಮೊಮ್ಮಕ್ಕಳೂ ಅದನ್ನು ಬೆಳಕಿಗೆ ಹಿಡಿದು ನೋಡಬಲ್ಲರು. ಆದುದರಿಂದ ಹನ್ನೆರಡರಲ್ಲಿ ಮೊದಲ ಎರಡನ್ನು ಮನೆಯ ಹಿರಿಯರಿಗೆ ಮೀಸಲಿಡಿರಿ. ಕೆರೆ ನಾಳೆಯೂ ಸಿಕ್ಕೀತು.