ಸ್ಕೇಲಿಗೆ ಮುಂಚೆ ಗೇಣು

‘ಮಗಳು ಒಂದನೇ ತರಗತಿ. ಪೆನ್ಸಿಲ್ ಅಳೆ ಅಂದರೆ ಅದರ ತುದಿಯನ್ನು ಸ್ಕೇಲಿನ 1ಕ್ಕೆ ಹಚ್ಚುತ್ತಾಳೆ. ಎಷ್ಟು ತಿದ್ದಿದರೂ ಅಷ್ಟೇ. ಏನು ಮಾಡಲಿ?’ ಎಂದು ಗಜೇಂದ್ರಗಡ ತಾಲ್ಲೂಕಿನ ರಾಜೂರಿನಿಂದ ತಾಯಿಯೊಬ್ಬರು ಕೇಳಿದ್ದಾರೆ.

ತಿದ್ದುವುದನ್ನು ಸದ್ಯಕ್ಕೆ ಬಿಡಿ, ಸ್ಕೇಲನ್ನೂ ಎತ್ತಿಡಿ. ಎಣಿಕೆ ಒಂದರಿಂದ ಶುರುವಾಗುತ್ತದೆಂದು ನಾವೇ ಕಲಿಸಿದ್ದೇವೆ. ಮಗು ಅದನ್ನೇ ಪಾಲಿಸುತ್ತಿದೆ. ಸ್ಕೇಲಿನಲ್ಲಿ ಎಣಿಸಬೇಕಾದದ್ದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ಜಾಗವನ್ನು ಎಂಬುದು ಅದಕ್ಕೆ ಇನ್ನೂ ಹೊಳೆದಿಲ್ಲ.

ಅದು ಹೇಗೆ ಹೊಳೆಯುತ್ತದೆ ಎಂದು ಹುಡುಕಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಬಾರ್ಬೆಲ್ ಇನ್ಹೆಲ್ಡರ್ ಮತ್ತು ಪೋಲೆಂಡಿನ ಅಲಿನಾ ಶೆಮಿನ್ಸ್ಕಾ ಜೊತೆ ಅವರು 1948ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗವೊಂದಿದೆ. ಒಂದು ಮೇಜಿನ ಮೇಲೆ ಮರದ ತುಂಡುಗಳ ಗೋಪುರ. ಅಷ್ಟೇ ಎತ್ತರದ್ದನ್ನು ಮಗು ಇನ್ನೊಂದು ತಗ್ಗು ಮೇಜಿನ ಮೇಲೆ ಕಟ್ಟಬೇಕು. ತೀರಾ ಚಿಕ್ಕವರು ಕಣ್ಣಳತೆಯಲ್ಲೇ ಕಟ್ಟಿ, ಎರಡರ ತಲೆ ಸಮ ಬಂದರೆ ಸಾಕೆಂದರು. ಮೇಜು ತಗ್ಗಿದೆಯೆಂಬುದು ಲೆಕ್ಕಕ್ಕೇ ಬರಲಿಲ್ಲ. ಸ್ವಲ್ಪ ದೊಡ್ಡವರು ಎರಡೂ ಕೈ ಅಗಲಿಸಿ ಗೋಪುರದ ಎತ್ತರ ಹಿಡಿದು, ಕೈ ಅಲುಗಿಸದೆ ನಡೆದುಬಂದರು. ಕೆಲವರು ಗೋಪುರದ ಪಕ್ಕ ನಿಂತು, ತುದಿ ತಮ್ಮ ಮೈಗೆ ಎಲ್ಲಿ ತಾಗುತ್ತದೆಂದು ಗುರುತಿಟ್ಟುಕೊಂಡರು. ಕೋಲು ಬಂದದ್ದು ಆಮೇಲೆ. ಗೋಪುರಕ್ಕಿಂತ ಗಿಡ್ಡದಾದ ತುಂಡನ್ನು ಮತ್ತೆ ಮತ್ತೆ ಇಟ್ಟು ಎಣಿಸುವುದು ಎಲ್ಲಕ್ಕಿಂತ ಕೊನೆಗೆ.

ಬೆರಳು, ಗೇಣು, ಮೊಳ, ಮಾರು ಎಂದು ನಮ್ಮ ಹಿರಿಯರೂ ಮೈಯಿಂದಲೇ ಶುರು ಮಾಡಿದರು. ಮೀಟರನ್ನು ದೇಶಕ್ಕೆಲ್ಲ ಒಂದೇ ಅಳತೆಯಾಗಿ ತಂದ ಕಾನೂನು ಬಂದದ್ದು 1956ರಲ್ಲಿ. ಈ ದೀರ್ಘ ದಾರಿಯನ್ನು ದಾಟಿಸಿ ಆರು ವರ್ಷದ ಮಗುವನ್ನು ನೇರವಾಗಿ ಸೆಂಟಿಮೀಟರಿಗೆ ತಂದು ನಿಲ್ಲಿಸುವುದು ಅನ್ಯಾಯ.

ಹಾಗೆಂದು ವಯಸ್ಸಾಗಲಿ ಎಂದು ಕಾಯುತ್ತ ಕೂರಬೇಕಿಲ್ಲ. ಈ ಕೋಲು ಆ ಕೋಲಿಗಿಂತ ಉದ್ದ, ಆ ಕೋಲು ಮತ್ತೊಂದಕ್ಕಿಂತ ಉದ್ದ. ಹಾಗಾದರೆ ಮೊದಲನೆಯದು ಮೂರನೆಯದಕ್ಕಿಂತ ಉದ್ದ ಎಂಬ ತರ್ಕ ಚಿಕ್ಕ ಮಕ್ಕಳಿಗೆ ನಿಲುಕದು ಎಂದು ಪಿಯಾಜೆ ಭಾವಿಸಿದ್ದರು. ಬಣ್ಣದ ಕೋಲುಗಳ ಜೋಡಿಗಳನ್ನು ಚೆನ್ನಾಗಿ ನೆನಪಿಡುವಂತೆ ಮಾಡಿದರೆ ನಾಲ್ಕು ವರ್ಷದವರೂ ಅದನ್ನು ಮಾಡಬಲ್ಲರು ಎಂದು ಪೀಟರ್ ಬ್ರಯಂಟ್ ಮತ್ತು ಟಾಮ್ ಟ್ರಬಾಸೊ 1971ರಲ್ಲಿ ತೋರಿಸಿದರು.

ಮನೆಯಲ್ಲಿ ಇದಕ್ಕೆ ದುಡ್ಡು ಕೊಟ್ಟು ‘ಗಣಿತ ಕಿಟ್’ ತರುವ ಅಗತ್ಯ ನನಗಂತೂ ಕಾಣದು. ನಿಮ್ಮ ಕಡೆ ಜೋಳದ ಕಣಿಕೆಗೆ ಬರವಿಲ್ಲ. ಒಂದೇ ಉದ್ದದ ಹತ್ತು ತುಂಡು ಕತ್ತರಿಸಿ, ಕಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಲು ಹೇಳಿ. ನಡುವೆ ಸಂದು ಬಿಟ್ಟರೆ, ಒಂದರ ಮೇಲೊಂದು ಏರಿದರೆ, ಲೆಕ್ಕ ಬೇರೆಯಾಗುತ್ತದೆ. ಅದನ್ನು ಮಗುವೇ ಕಂಡುಕೊಳ್ಳಲಿ. ಆಮೇಲೆ ಒಂದೇ ತುಂಡು ಕೊಟ್ಟು ಅದನ್ನೇ ಸರಿಸುತ್ತ ಅಳೆಯಲು ಹೇಳಿ. ಚಿಣ್ಣಿದಾಂಡು ಆಡುವ ಹುಡುಗರು ದಾಂಡಿನಿಂದ ನೆಲ ಅಳೆಯುವುದು ಹೀಗೆಯೇ. ಒಂದು ದಿನ ಹೊಸ್ತಿಲನ್ನು ನಿಮ್ಮ ಗೇಣಿನಿಂದಲೂ ಅವಳ ಗೇಣಿನಿಂದಲೂ ಅಳೆಯಿರಿ. ಗೇಣು ಚಿಕ್ಕದಾದಷ್ಟೂ ಎಣಿಕೆ ಏಕೆ ಹೆಚ್ಚುತ್ತದೆ ಎಂದು ಕೇಳಿ, ಉತ್ತರವನ್ನು ನೀವು ಹೇಳಬೇಡಿ. ಎಲ್ಲರಿಗೂ ಒಂದೇ ಅಳತೆಗೋಲು ಏಕೆ ಬೇಕೆಂಬುದು ಆಗ ಅವಳಿಗೇ ತಿಳಿಯುತ್ತದೆ.

ಸ್ಕೇಲು ಕೊಡುವುದು ಆಮೇಲೆ. ಮನೆಯಲ್ಲಿ ತುದಿ ಮುರಿದ ಸ್ಕೇಲಿದ್ದರೆ ಎಸೆಯದೆ ಇಟ್ಟುಕೊಳ್ಳಿ. 3ರಿಂದ 10ರವರೆಗೆ ಪೆನ್ಸಿಲ್ ಇಟ್ಟು ಉದ್ದ ಕೇಳಿ. ‘ಹತ್ತು’ ಅಂದರೆ ಅವಳು ತುದಿಯ ಅಂಕಿಯನ್ನು ಓದುತ್ತಿದ್ದಾಳೆ, ‘ಎಂಟು’ ಅಂದರೆ ಗೆರೆಗಳನ್ನು ಎಣಿಸುತ್ತಿದ್ದಾಳೆ. ಎರಡಕ್ಕೂ ಇನ್ನಷ್ಟು ದಿನ ಕಣಿಕೆಯೇ ಮದ್ದು. ‘ಏಳು’ ಅಂದ ದಿನ ಅವಳಿಗೆ ಹೊಸ ಸ್ಕೇಲು ಕೊಡಿಸಿ.