ನಿಮಗಿದು ಗೊತ್ತೆ? ಜಪಾನಿನಲ್ಲಿ ನವಾಗತರಿಗೆ ಒದಗುವ ನುಡಿಗಳು

● ಜಪಾನಿಗೆ ಹೊಸದಾಗಿ ಹೋದವರಿಗೆ ಬಹೂಪಯೋಗಿಯಾದ ಮಾತೆಂದರೆ, ಉಪಾಹಾರಗೃಹದಲ್ಲಿ ಪರಿಚಾರಕನನ್ನು ಕರೆಯುವುದಕ್ಕೂ, ಜನಸಂದಣಿಯಲ್ಲಿ ದಾರಿ ಬಿಡಿಸಿಕೊಳ್ಳುವುದಕ್ಕೂ, ಅಲ್ಪ ಪ್ರಮಾದಕ್ಕೆ ಕ್ಷಮೆ ಬೇಡುವುದಕ್ಕೂ, ಪರರು ತಮಗಾಗಿ ಶ್ರಮಪಟ್ಟಾಗ ಕೃತಜ್ಞತೆಯನ್ನು ಸೂಚಿಸುವುದಕ್ಕೂ ಸಮಾನವಾಗಿ ಸಲ್ಲುವ ‘ಸುಮಿಮಾಸೆನ್’.

● ಅಂಗಡಿಯ ಹೊಸ್ತಿಲನ್ನು ದಾಟಿದೊಡನೆ ಕೇಳಿಬರುವ ‘ಇರಾಶ್ಶಾಯಿಮಾಸೆ’ ಎಂಬ ಸ್ವಾಗತವಚನಕ್ಕೆ ಪ್ರತ್ಯುತ್ತರವೀಯುವ ವಾಡಿಕೆಯಿಲ್ಲ. ಆದರೆ ಹಣ ತೆರುವೆಡೆಯಲ್ಲಿ ‘ಫುಕುರೊ ವಾ ಇರಿಮಾಸು ಕಾ?’, ಅಂದರೆ ಚೀಲ ಬೇಕೆ, ಎಂದು ಕೇಳಿದಾಗ, ಬೇಕಿದ್ದಲ್ಲಿ ‘ಒನೆಗಾಯಿಶಿಮಾಸು’ ಎಂದೂ, ಬೇಡವಾದಲ್ಲಿ ‘ದಾಯಿಜೋಬು ದೆಸು’ ಎಂದೂ ನುಡಿಯುವುದು ರೂಢಿ. 2020ರ ಜುಲೈ 1ರಿಂದ ಪ್ಲಾಸ್ಟಿಕ್ ಚೀಲಕ್ಕೆ ಬೆಲೆ ತೆರಬೇಕಾಗಿರುವುದರಿಂದ ಈ ಪ್ರಶ್ನೆ ನಿತ್ಯವೂ ಎದುರಾಗುತ್ತದೆ.

● ‘ದೆಸು’, ‘ಮಾಸು’ ಎಂಬ ಕ್ರಿಯಾಪದಾಂತ್ಯಗಳಲ್ಲಿನ ಉಕಾರವು ಟೋಕಿಯೊದ ಆಡುನುಡಿಯಲ್ಲಿ ಬಹುಮಟ್ಟಿಗೆ ಲುಪ್ತವಾಗಿ, ‘ದೆಸ್’, ‘ಮಾಸ್’ ಎಂದೇ ಕಿವಿಗೆ ಬೀಳುತ್ತದೆ.

● ಭೋಜನಕ್ಕೆ ಮುನ್ನ ‘ಇತಾದಾಕಿಮಾಸು’ ಎಂದೂ, ಉಂಡ ಬಳಿಕ ‘ಗೊಚಿಸೋಸಾಮಾ ದೆಶಿತಾ’ ಎಂದೂ ಹೇಳುವುದು, ಏಕಾಂಗಿಯಾಗಿ ಉಣ್ಣುವವರಲ್ಲೂ ಅನೇಕರು ಪಾಲಿಸುವ ಶಿಷ್ಟಾಚಾರ.

● ‘ಎಕಿ ವಾ ದೊಕೊ ದೆಸು ಕಾ?’ ಎಂದರೆ ‘ರೈಲು ನಿಲ್ದಾಣ ಎಲ್ಲಿದೆ?’ ಎಂದರ್ಥ. ಕರ್ತೃ ಮೊದಲು, ಕ್ರಿಯೆ ಕಡೆಗೆ ಎಂಬ ಪದಕ್ರಮವು ಕನ್ನಡದಂತೆಯೇ ಇರುವುದರಿಂದ ನಮ್ಮವರಿಗೆ ವಾಕ್ಯರಚನೆ ಕ್ಲೇಶಕರವಲ್ಲ.

● ವಿಪತ್ಕಾಲದಲ್ಲಿ ‘ತಸುಕೆತೆ!’ ಎಂದು ಕೂಗಬೇಕು. ಪೊಲೀಸರ ದೂರವಾಣಿ ಸಂಖ್ಯೆ 110, ಅಗ್ನಿಶಾಮಕ ದಳ ಹಾಗೂ ಆಂಬುಲೆನ್ಸಿನದು 119.